ದೇವಿಯನ್ನು ಸೈಕಲ್ಲಿಗೆ ಕಟ್ಟಿಕೊಂಡ ಮಾಳಪ್ಪ

"ಯವ್ವಾ, ಮಾಳಪ್ಪ ಕಾಕಾಗ ಎಲ್ಲಾರೂ ಕೈ ಮುಗೀತಾರು. ಮತ್ತ ಅವ್ರ ಕಟ್ಟಿ ಮ್ಯಾಲ ಯಾಕ ಯಾರೂ ಕುಂಡ್ರಂಗಿಲ್ಲ?"

ಶಿವಿ ಹೀಗೆ ಕೇಳಿದಾಗ ಕಾಶೆವ್ವ ಒಂದು ಕೈಯಲ್ಲಿ ಹೆಂಚಿನ ಮೇಲಿನ ರೊಟ್ಟಿ ತಿರುವುತ್ತಿದ್ದಳು, ಇನ್ನೊಂದು ಕೈಯಲ್ಲಿ ಮಡಿಲಿನಿಂದ ಜಾರುತ್ತಿದ್ದ ಕೂಸನ್ನು ಹಿಡಿದಿದ್ದಳು. ಉತ್ತರಕ್ಕೆ ಮೂರನೆಯ ಕೈ ಇರಲಿಲ್ಲ.

"ಬಿಸಲ ಇರತೈತಿ, ಅದಕ್ಕ," ಎಂದಳು.

"ನಮ್ಮ ಕಟ್ಟಿಗೂ ಬಿಸಲ ಬರತೈತಿ. ನಮ್ಮ ಕಟ್ಟಿ ಮ್ಯಾಲ ಕುಂಡರತಾರಲಾ?"

ಹುಡುಗಿ ಹೇಳಿದ್ದು ಸರಿಯಾಗಿಯೇ ಇತ್ತು. ಎರಡೂ ಮನೆಗಳು ಒಂದೇ ಚಾವಣಿಯ ಕೆಳಗಿದ್ದವು. ಕಟ್ಟೆಯೂ ಒಂದೇ, ನಡುವೆ ಒಂದು ಕಂಬ. ಸಂತೆಯ ದಿನ ಮೂಡಲಗಿಗೆ ಬಂದವರು ಕಂಬದ ಈಚೆ, ಕಾಶೆವ್ವನ ಪಾಲಿನಲ್ಲಿ, ಒಬ್ಬರ ಮೊಣಕಾಲು ಇನ್ನೊಬ್ಬರ ಬೆನ್ನಿಗೆ ಒತ್ತುವಂತೆ ತುಂಬಿಕೊಂಡು ಎಲೆ ಅಡಿಕೆ ಹಾಕುತ್ತಿದ್ದರು. ಕಂಬದ ಆಚೆ ಒಂದು ಎಮ್ಮೆ ಕಾಲು ಚಾಚಿ ಮಲಗುವಷ್ಟು ಜಾಗ ಖಾಲಿ. ಅಲ್ಲಿ ಮಾಳಪ್ಪನ ಸೈಕಲ್ಲೊಂದು ಒರಗಿರುತ್ತಿತ್ತು. ಅದರ ಹಿಂದೆ ಖಾಕಿ ಚೀಲ ತೊಡಿಸಿದ ಥರ್ಮಾಸ್ ಕಟ್ಟಿದ್ದ ದಿನ, ದಾರಿಯಲ್ಲಿ ಹೋಗುವವರು ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದರು. ಮುಗಿದಾದ ಮೇಲೆ ಮಕ್ಕಳನ್ನು ಸೊಂಟಕ್ಕೆ ಎತ್ತಿಕೊಂಡು ರಸ್ತೆಯ ಆ ಬದಿಗೆ ದಾಟಿಕೊಳ್ಳುತ್ತಿದ್ದರು.

ಮಾಳಪ್ಪ ದನದ ದವಾಖಾನೆಯಲ್ಲಿ ಕೆಲಸಕ್ಕಿದ್ದ. ಡಾಕ್ಟರ ಸಾಹೇಬರು ಕುರ್ಚಿಯ ಮೇಲೆ ಕೂತು ಹೇಳಿದ್ದನ್ನು ಹಳ್ಳಿ ಹಳ್ಳಿಗೆ ಹೋಗಿ ಮಾಡಿ ಬರುವುದು ಅವನ ಪಾಲಿನದು: ಎತ್ತಿನ ಹೆಗಲ ಹುಣ್ಣು ತೊಳೆಯುವುದು, ಎಮ್ಮೆಗೆ ಬಿದಿರಿನ ಗೊಟ್ಟದಲ್ಲಿ ಔಷಧ ಕುಡಿಸುವುದು, ಕುರಿಗಳಿಗೆ ಸೂಜಿ ಮಾಡುವುದು. ಹುಕ್ಕೇರಿ ಕಡೆಯ ಕುರುಬರ ಮನೆಯವನು. ಮುಲ್ಕಿ ಪರೀಕ್ಷೆ ಪಾಸಾಗಿ, ಕುರಿ ಕಾಯುವ ಕೋಲು ಬಿಟ್ಟು ಸರಕಾರದ ಪಗಾರಕ್ಕೆ ಬಂದಿದ್ದ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದರೂ ಪಗಾರ ತಪ್ಪಿರಲಿಲ್ಲ. ಕುಡಿಯುವವನಲ್ಲ, ಇಸ್ಪೀಟು ಮುಟ್ಟುವವನಲ್ಲ, ತಾಯಿ ಸತ್ತೆವ್ವನ ಮಾತಿಗೆ ಎದುರಾಡುವವನಲ್ಲ. ಇಂಥವನಿಗೆ ಮೂವತ್ತು ದಾಟುತ್ತ ಬಂದರೂ ಹೆಣ್ಣು ಸಿಕ್ಕಿರಲಿಲ್ಲ. ಅದಕ್ಕೆ ಕಾರಣ ಒಂದೇ: ಅವನು ತನ್ನ ಕೆಲಸವನ್ನು ಬಹಳ ಚೆನ್ನಾಗಿ ಮಾಡಿಬಿಟ್ಟಿದ್ದ.

ಅದು ಶುರುವಾದದ್ದು ಅರಭಾವಿಯ ಹತ್ತಿರದ ಒಂದು ಹೊಲದಲ್ಲಿ. ಮಾಳಪ್ಪನೇ ಕಂಬಕ್ಕೆ ಒರಗಿ ನಿಂತು ಕಾಶೆವ್ವನಿಗೂ ಅವಳ ಗಂಡ ಮುರಿಗೆಪ್ಪನಿಗೂ ಹೇಳಿದ್ದ. ಆ ವರ್ಷ ಕುರಿಗಳಿಗೆ ಸಿಡುಬು ಎದ್ದಿತ್ತು. ಮೊದಲು ಕುರಿ ಮೇವು ಬಿಟ್ಟು ಮೂಗು ಸೋರಿಸುತ್ತ ನಿಲ್ಲುತ್ತದೆ. ಆಮೇಲೆ ಉಣ್ಣೆ ಇಲ್ಲದ ಕಡೆಯೆಲ್ಲ, ಮೂತಿಗೆ, ತೊಡೆಯ ಸಂದಿಗೆ, ಬಾಲದ ಬುಡಕ್ಕೆ, ಗಂಟುಗಳು ಏಳುತ್ತವೆ. ದೊಡ್ಡ ಕುರಿಗಳಲ್ಲಿ ಕೆಲವು ಉಳಿಯುತ್ತವೆ, ಮರಿಗಳು ಉಳಿಯುವುದು ಕಡಿಮೆ. ಆದರೆ ಕುರುಬರ ಬಾಯಲ್ಲಿ ಇದು ಬೇನೆಯಲ್ಲ, ದೇವಿ. ದೇವಿ ಹಿಂಡಿಗೆ ಬಂದಿದ್ದಾಳೆ, ಆಡುತ್ತಿದ್ದಾಳೆ ಎನ್ನುತ್ತಾರೆ. ಅವಳು ಆಡುವಷ್ಟು ದಿನ ಒಲೆಯ ಮೇಲೆ ಒಗ್ಗರಣೆ ಚುರ್ ಎನ್ನಬಾರದು, ಯಾರೂ ತಲೆಗೆ ಎಣ್ಣೆ ಮುಟ್ಟಿಸಬಾರದು, ಹೊರಗಿನವರು ಹಿಂಡಿಗೆ ಕಾಲಿಡಬಾರದು. ಹಿರಿಯ ಕರೆಪ್ಪ ತನ್ನ ಹಿಂಡಿನ ಸುತ್ತ ಬೇವಿನ ತೊಪ್ಪಲು ಕಟ್ಟಿ, ಕೋಲು ಅಡ್ಡ ಹಿಡಿದು ನಿಂತಿದ್ದ.

"ತಮ್ಮಾ, ಬಂದಾಕಿ ತಾನ ಹೊಕ್ಕಾಳ. ನೀ ಸೂಜಿ ಚುಚ್ಚಿ ಆಕೀನ ಸಿಟ್ಟಿಗೆಬ್ಬಸಬ್ಯಾಡ."

"ಕಾಕಾ, ಬ್ಯಾನಿ ಬಂದದ್ದನ್ನ ನಾ ಮುಟ್ಟಂಗಿಲ್ಲ. ಇನ್ನೂ ನೆಟ್ಟಗಿದ್ದ ಕುರಿಗೆ ಅಷ್ಟ ಮಾಡತೇನಿ."

"ಆ ಬಾಟಲ್ಯಾಗ ಏನೈತಿ?" ಕರೆಪ್ಪ ಥರ್ಮಾಸಿನ ಕಡೆ ಗದ್ದ ಎತ್ತಿ ಕೇಳಿದ.

ಬೇರೆಯವನಾಗಿದ್ದರೆ ಔಷಧ ಎಂದು ಹೇಳಿ ಮುಗಿಸುತ್ತಿದ್ದ. ಮಾಳಪ್ಪನಿಗೆ ಅಷ್ಟು ಚಿಕ್ಕದಾಗಿ ಹೇಳಲು ಬರುತ್ತಿರಲಿಲ್ಲ. ತರಬೇತಿಯಲ್ಲಿ ಕಲಿಸಿದ್ದನ್ನು ಕಲಿಸಿದ ಹಾಗೆಯೇ ಒಪ್ಪಿಸಿದ. "ಇದರಾಗ ಇರೂದೂ ಅದ, ಕಾಕಾ. ಸಿಡುಬ. ಆದ್ರ ಇದನ್ನ ಸೌಮ್ಯ ಮಾಡ್ಯಾರ. ಒಂದೀಟ ಒಳಗ ಬಿಟ್ಟರ, ದೊಡ್ಡದು ಬಂದಾಗ ಕುರಿ ತಡಕೋತೈತಿ."

ಕರೆಪ್ಪನ ಕೋಲು ಕೆಳಗಿಳಿಯಿತು. "ಅಂದ್ರ, ದೇವೀನ ಬಾಟಲ್ಯಾಗ ಹಿಡದಾರ?"

"ಹಿಡದಾರ ಅಂದ್ರ... ಹಿಡದಾರ ಅನ್ರಿ."

"ಆಕಿ ಸೌಮ್ಯ ಆಗ್ಯಾಳ?"

"ಆಗ್ಯಾಳ."

ಕರೆಪ್ಪ ಹೆಗಲ ಮೇಲಿನ ಕಂಬಳಿ ತೆಗೆದು ನೆಲಕ್ಕೆ ಹಾಸಿದ. "ಹಂಗಾರ ಬರೇ ನೆಲದ ಮ್ಯಾಲ ಇಡಬ್ಯಾಡೋ ತಮ್ಮಾ, ಇಲ್ಲಿ ಕುಂಡರಸು." ಥರ್ಮಾಸ್ ಕಂಬಳಿಯ ಮೇಲೆ ಕೂತಿತು. ಕರೆಪ್ಪ ಸೊಂಟದ ಚೀಲದಿಂದ ಭಂಡಾರ ತೆಗೆದು ಅದರ ಹೊಟ್ಟೆಗೆ ಹಚ್ಚಿದ. ಮಾಳಪ್ಪ ತಡೆಯಲಿಲ್ಲ. ಭಂಡಾರ ಹಚ್ಚಿದರೆ ಲಸಿಕೆ ಕೆಡುವುದಿಲ್ಲ, ಹಚ್ಚಗೊಡದಿದ್ದರೆ ಕುರಿಗಳು ಕೆಡುತ್ತವೆ ಎಂಬುದು ಅವನ ಲೆಕ್ಕ. ಕುರಿಗಳ ಮಟ್ಟಿಗೆ ಆ ಲೆಕ್ಕ ತಪ್ಪಿರಲಿಲ್ಲ.

ಅವನ ಮಟ್ಟಿಗೆ ತಪ್ಪಿತು. ದವಾಖಾನೆಯ ಒಂದೊಂದು ಕಟ್ಟಳೆಯೂ ಕರೆಪ್ಪನಿಗೆ ಪೂಜೆಯ ಕಟ್ಟಳೆಯಾಗಿ ಕಾಣಿಸಿತು. ಮುಚ್ಚಳ ತೆಗೆದು ಸ್ವಲ್ಪ ದರ್ಶನ ಮಾಡಿಸು ಎಂದ. ಒಳಗೆ ಮಂಜುಗಡ್ಡೆ ಇದೆ, ಬಿಸಿಲು ತಾಗಬಾರದು, ತೆಗೆಯಲು ಬರುವುದಿಲ್ಲ ಎಂದ ಮಾಳಪ್ಪ. ಸರಿ, ಅಂಥವಳು ಕಂಡಕಂಡವರ ಕಣ್ಣಿಗೆ ಬೀಳುತ್ತಾಳೆಯೇ! ಮಾಳಪ್ಪ ಸೂಜಿಯನ್ನು ಕುದಿಯುವ ನೀರಿನಲ್ಲಿ ಹಾಕಿದ. ಕೆಲಸ ಮುಗಿದ ಮೇಲೆ ಕೈ ತೊಳೆದು, ಒಂದು ಹಿಂಡಿನ ಬೇನೆ ಇನ್ನೊಂದಕ್ಕೆ ಹೋಗಬಾರದೆಂದು ಅಂಗಿ ದೋತರ ಬದಲಿಸಿದ. ಖಾಲಿ ಬಾಟಲಿಗಳನ್ನು ತಗ್ಗು ತೋಡಿ ಹೂಳಿದ. ಒಂದು ವಾರದಲ್ಲಿ ಸೂಜಿ ಚುಚ್ಚಿದ ಜಾಗದಲ್ಲಿ ಪುಟ್ಟ ಗಂಟೊಂದು ಎದ್ದು ಇಳಿಯಿತು. ಹೇಳಿದ ಹಾಗೆಯೇ ಸೌಮ್ಯವಾದ ದೇವಿ ಬಂದು ಹೋಗಿದ್ದಳು! ಉಳಿದ ಕುರಿಗಳು ಉಳಿದವು. ಅಂದಿನಿಂದ ಅವನು ಕರೆಪ್ಪನಿಗೆ ತಮ್ಮ ಆಗಿ ಉಳಿಯಲಿಲ್ಲ, ಮಾಳಪ್ಪಾರು ಆದ.

ಗೋಕಾಕ ತಾಲೂಕಿನ ಕುರುಬರೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡರು. ಮೊದಲು ಅವನನ್ನು ಕಂಡರೆ ಹಿಂಡನ್ನು ಹಳ್ಳಕ್ಕೆ ಇಳಿಸಿಕೊಂಡು ಓಡುತ್ತಿದ್ದವರು ಈಗ ದಾರಿಗೇ ಬಂದು ಕಾಯುತ್ತಿದ್ದರು. ಹೋದಲ್ಲೆಲ್ಲ ಅವನಿಗೆ ಹೊಸ ಕಂಬಳಿ, ತೆಂಗಿನಕಾಯಿ, ಒಗ್ಗರಣೆ ಇಲ್ಲದ ಊಟ. ಡಾಕ್ಟರ ಸಾಹೇಬರು ಸಂತೋಷಪಟ್ಟರು. ಜನರ ಮೂಢನಂಬಿಕೆಯನ್ನು ಮಾಳಪ್ಪ ಓಡಿಸಿದ್ದಾನೆ ಎಂದು ನಾಲ್ಕು ಮಂದಿಯ ಮುಂದೆ ಬೆನ್ನು ತಟ್ಟಿದರು. ಮಾಳಪ್ಪ ತಲೆ ತಗ್ಗಿಸಿ ನಿಂತಿದ್ದ. ಓಡಿಸಿದ್ದು ಎಲ್ಲಿಗೂ ಹೋಗಿರಲಿಲ್ಲ, ಅವನ ಸೈಕಲ್ಲಿನ ಹಿಂದೆ ಕೂತಿತ್ತು.

ತೆಂಗಿನಕಾಯಿಗಳು ಕಾಶೆವ್ವನ ಅಡುಗೆಮನೆಗೆ ಬರುತ್ತಿದ್ದವು. "ದೇವೀ ಪ್ರಸಾದ ಅದು, ತಿನ್ನಬಹುದೋ ಇಲ್ಲೋ," ಎಂದು ಮುರಿಗೆಪ್ಪ ಅನುಮಾನ ಮಾಡಿದರೆ ಅವಳು, "ಕಾಯಿಗೆ ದೇವಿ ಬಂದಿಲ್ಲ, ಕೊಬ್ರಿ ಬಂದೈತಿ," ಎಂದು ತುರಿಮಣೆ ಎಳೆದುಕೊಳ್ಳುತ್ತಿದ್ದಳು. ಶಿವಿಯ ತೋಳಿನ ಮೇಲೆ, ಮನುಷ್ಯರ ಸಿಡುಬು ತಡೆಯಲು ಸರಕಾರದ ದೇವಿ ಡಾಕ್ಟರು ಚುಚ್ಚಿದ ಎರಡು ಗುಂಡು ಕಲೆಗಳಿದ್ದವು. ಆ ಡಾಕ್ಟರ ಬಾಟಲಿಯಲ್ಲಿದ್ದದ್ದೂ ಕರುವಿನ ಮೈಮೇಲೆ ಬೆಳೆಸಿದ್ದೇ ಎಂದು ಮಾಳಪ್ಪ ಒಮ್ಮೆ ಹೇಳಿದ್ದ. ಆ ಡಾಕ್ಟರನ್ನು ಕಂಡರೆ ಊರ ಮಕ್ಕಳೆಲ್ಲ ಅಟ್ಟ ಹತ್ತುತ್ತಿದ್ದವು, ಆದರೆ ಅವನಿಗೆ ಹೆಣ್ಣು ಕೊಡುವಾಗ ಯಾರೂ ಅಂಜಿ ಅಟ್ಟ ಹತ್ತಿರಲಿಲ್ಲ.

ಸತ್ತೆವ್ವ ಮಾತ್ರ ದಿನಾ ಕಂಬದ ಆಚೆಯಿಂದ ಗೊಣಗುತ್ತಿದ್ದಳು.

"ಕಾಶೆವ್ವಾ, ನನ್ನ ಮಗನ್ನ ಪೂಜಾರಿ ಮಾಡಿಬಿಟ್ಟರವಾ ಈ ಜನ. ಪೂಜಾರಿಗಾದ್ರೂ ಹೇಂತಿ ಇರತಾಳು."

"ಸಿಗತಾಳ ಬಿಡ್ರಿ ಅತ್ತಿ. ಅವಸರ ಯಾಕ?"

"ಅವಸರ ನನಗಲ್ಲ, ನನ್ನ ಮೊಣಕಾಲಿಗೆ. ಎಷ್ಟ ದಿನಾ ನೀರ ಹೊತ್ತಾವು ಇವು?"

ಮೊದಲ ಸಲ ಹೆಣ್ಣು ನೋಡಲು ಹೋದದ್ದು ಗೋಕಾಕದ ಆಚೆ. ಅದಕ್ಕೆ ಕೆಲವು ದಿನ ಮೊದಲು ಮಾಳಪ್ಪ ಬಾಯಿಯ ಸುತ್ತ ಹುಣ್ಣು ಕಟ್ಟಿದ್ದ ಕುರಿಮರಿಗಳಿಗೆ ಬರಿಗೈಯಲ್ಲಿ ಔಷಧ ಸವರಿದ್ದ. ಅದು ಸಿಡುಬಲ್ಲ. ಸಿಡುಬಿನ ಹತ್ತಿರದ ಬಳಗದ ಇನ್ನೊಂದು ಬೇನೆ. ಕುರಿಯ ಸಿಡುಬು ಮನುಷ್ಯನ ಹತ್ತಿರ ಸುಳಿಯುವುದಿಲ್ಲ, ಆದರೆ ಈ ಬಾಯಿಹುಣ್ಣು ಒಮ್ಮೊಮ್ಮೆ ಮುಟ್ಟಿದವರ ಕೈಗೆ ದಾಟುತ್ತದೆ. ಇಷ್ಟು ವರ್ಷ ದಾಟದಿದ್ದದ್ದು ಹೆಣ್ಣು ನೋಡುವ ವಾರದಲ್ಲಿ ದಾಟಿತು. ತೋರುಬೆರಳಿನ ಮೇಲೆ ದ್ರಾಕ್ಷಿ ಹಣ್ಣಿನಂಥ ಗಂಟು ಎದ್ದಿತ್ತು. ಮಾಳಪ್ಪ ಅದಕ್ಕೆ ಬಿಳಿ ಬಟ್ಟೆ ಸುತ್ತಿಕೊಂಡು ಹೋದ. ಅವಲಕ್ಕಿಯ ತಾಟು ಹಿಡಿದುಕೊಂಡಾಗ ಹುಡುಗಿಯ ಸೋದರಮಾವನ ಕಣ್ಣು ಅಲ್ಲಿಗೇ ಹೋಯಿತು.

"ಬೆರಳಿಗೇನಾತ್ರೀ?"

ಸತ್ತೆವ್ವ ಮಗನ ತೊಡೆ ಚಿವುಟಿದಳು. ಬಾಗಿಲ ಸಂದಿಗೆ ಸಿಕ್ಕಿತು ಅನ್ನು ಎಂಬ ಅರ್ಥ ಆ ಚಿವುಟಿನಲ್ಲಿತ್ತು. ಮಾಳಪ್ಪ ಅದನ್ನು ಪೂರ್ತಿ ಹೇಳು ಎಂದು ತಿಳಿದುಕೊಂಡ. "ಕುರೀ ಮರಿಯಿಂದ ಬಂದೈತ್ರಿ. ಆದ್ರ ಅಂಜಬ್ಯಾಡ್ರಿ, ಇದು ದೇವಿ ಅಲ್ಲ. ದೇವೀ ಬಳಗದ್ದು."

"ಬಳಗ ಅಂದ ಮ್ಯಾಲ ಬಂದ ಹೋಗೂದು ಇರತೈತ್ರೀಪಾ," ಎಂದ ಸೋದರಮಾವ, ತಾಟನ್ನು ತಾನೇ ಹಿಂದಕ್ಕೆ ತೆಗೆದುಕೊಂಡು.

ಬೆರಳು ಕೆಲವು ವಾರಗಳಲ್ಲಿ ತಾನಾಗಿ ವಾಸಿಯಾಯಿತು. ಆ ಸಂಬಂಧ ಆಗಲಿಲ್ಲ. ಅವತ್ತು ಸತ್ತೆವ್ವ ಬಸ್ಸಿನಿಂದ ಇಳಿದವಳೇ ಕಾಶೆವ್ವನ ಮುಂದೆ ಕೂತು, "ಸುಳ್ಳ ಹೇಳಾಕ ಬರಲಾರದ ಮಗನ್ನ ಹಡದೇನಲ್ಲವಾ, ಯಾವ ಜಲ್ಮದ ಪಾಪ," ಎಂದು ಅತ್ತಳು. ಕಾಶೆವ್ವ ಒಂದು ಲೋಟ ಚಹಾ ಕೊಟ್ಟು, ಮಾಳಪ್ಪನ ಬೆರಳಿಗೆ ಬೇರೆ ಚೊಕ್ಕ ಬಟ್ಟೆ ಹರಿದು ಕೊಟ್ಟಳು. ಅಳುವುದನ್ನು ಕೇಳಬಹುದಿತ್ತು, ಬೆರಳನ್ನು ಹಾಗೇ ಬಿಡುವಂತಿರಲಿಲ್ಲ.

ಮರುವರ್ಷ ಹುಕ್ಕೇರಿಯ ಹತ್ತಿರದ ಹಳ್ಳಿಯೊಂದರಿಂದ ಕರೆ ಬಂತು. ಕೆಂಪವ್ವ ಎಂಬ ಹಿರಿಯಳ ಮನೆ. ಮಗ ಸೊಸೆ ತೀರಿಕೊಂಡ ಮೇಲೆ ಹಿಂಡನ್ನೂ ಮೊಮ್ಮಗಳು ಇಂದ್ರವ್ವನನ್ನೂ ಒಂದೇ ಕೋಲಿನಲ್ಲಿ ಕಾಯ್ದುಕೊಂಡು ಬಂದ ಮುದುಕಿ. ಪಕ್ಕದ ಹಿಂಡಿಗೆ ಸಿಡುಬು ಬಂದಿದೆ, ಮಾಳಪ್ಪಾರೇ ಬರಬೇಕು ಎಂದು ಹೇಳಿಕಳಿಸಿದ್ದಳು. ಡಾಕ್ಟರ ಸಾಹೇಬರು ಆ ಕಡೆಯ ಸಾಹೇಬರಿಗೆ ತಿಳಿಸಿ ಅವನನ್ನು ಕಳಿಸಿದರು.

ಹಿಂದಿರುಗಿ ಬಂದ ಮಾಳಪ್ಪ ಕಂಬಕ್ಕೆ ಒರಗಿ ಕುರಿಗಳ ವಿಷಯ ಹೇಳಲು ಶುರು ಮಾಡಿದ. ಆದರೆ ಮಾತು ಕುರಿಗಳ ಹತ್ತಿರ ನಿಲ್ಲುತ್ತಿರಲಿಲ್ಲ. ಇಂದ್ರವ್ವ ಒಂದೊಂದು ಕುರಿಯನ್ನೂ ಮೊಣಕಾಲಿನ ನಡುವೆ ಅದುಮಿ, ಸೂಜಿ ಚುಚ್ಚಲು ಬಾಲ ಎತ್ತಿ ಹಿಡಿದುಕೊಟ್ಟಳಂತೆ. ಉಳಿದವರೆಲ್ಲ ಥರ್ಮಾಸಿಗೆ ಕೈ ಮುಗಿಯುತ್ತ ದೂರ ನಿಂತಿದ್ದರೆ ಅವಳು ಮಾತ್ರ, "ಮುಚ್ಚಳಾ ಭದ್ರ ಹಾಕ್ರಿ, ಬರ್ಫ ಕರಗತೈತಿ," ಎಂದಳಂತೆ. ಅವಳ ಅಂಗೈಯ ಅಂಚಿನಲ್ಲಿ ಹಳೆಯ ಕಲೆಗಳಿದ್ದವಂತೆ. ಇವನು ನೋಡಿದ್ದನ್ನು ಅವಳು ನೋಡಿದಳಂತೆ.

"ಸಣ್ಣಾಕಿ ಇದ್ದಾಗ ಆಕಳ ಮಲೀಗೆ ಗುಳ್ಳಿ ಎದ್ದಿದ್ದವಂತ, ವೈನಿ. ಹಿಂಡಿ ಹಿಂಡಿ ಆಕೀ ಕೈಗೂ ಬಂದವಂತ. 'ಎದ್ದವು, ಹೋದವು. ಅದಕ್ಕೇನ ಅಂಜೂದು?' ಅಂದಳು."

"ಏನಂದಳು?" ಎಂದು ಕಾಶೆವ್ವ ಬೇಕೆಂದೇ ಮತ್ತೆ ಕೇಳಿದಳು.

"ಎದ್ದವು, ಹೋದವು, ಅಂದಳು." ಅವನು ಎರಡನೆಯ ಸಲವೂ ಅಷ್ಟೇ ಜೋಪಾನದಿಂದ ಹೇಳಿದ, ಥರ್ಮಾಸಿನಿಂದ ಬಾಟಲಿ ತೆಗೆದವನ ಹಾಗೆ.

ಮುರಿಗೆಪ್ಪ ಒಳಗಿನಿಂದ ಕೂಗಿದ: "ಮಾಳಪ್ಪಾ, ಈ ಸಲ ಬ್ಯಾನಿ ಕುರಿಯಿಂದಲ್ಲಪಾ, ಆಕಳಿಂದ ಬಂದಂಗೈತಿ!"

ಕೆಂಪವ್ವನ ಹಿಂಡಿನಲ್ಲಿ ಒಂದು ಕುರಿಯೂ ಬೀಳಲಿಲ್ಲ. ಸುದ್ದಿ ತಿಳಿದ ಸತ್ತೆವ್ವ ಇದೇ ಸಮಯವೆಂದು ಹುಕ್ಕೇರಿಯ ಬಸ್ಸು ಹತ್ತಿದಳು. ಬೆಳಿಗ್ಗೆ ಹೊಸ ಸೀರೆ ಉಟ್ಟು ಹೋದವಳು ಸಂಜೆ ಮಡಿಲಲ್ಲಿ ಐದು ತೆಂಗಿನಕಾಯಿ ಹೊತ್ತು ಬಂದಳು. ಮುಖ ನೋಡಿದರೆ ಕಾಯಿ ಕೊಟ್ಟು ಹೆಣ್ಣು ಕೊಡಲಿಲ್ಲವೆಂದು ತಿಳಿಯುತ್ತಿತ್ತು.

"ಏನಂದರ್ರಿ ಅತ್ತಿ?"

"ಏನಂತಾಳು! ನನ್ನ ಕಾಲ ಮುಟ್ಟಿದಳವಾ ಆ ಮುದಿಕಿ. ದೇವೀ ಹೊರೂವನ ತಾಯಿ ನೀ, ಅಂದಳು. ಹೋಳಿಗಿ ತಿನಸಿದಳು. ಹೆಣ್ಣ ಕೇಳೂತ್ಲೆ, 'ಯವ್ವಾ, ದೇವರಿಗೆ ಕಾಯಿ ಕೊಡಬಹುದು, ಹೆಣ್ಣ ಹೆಂಗ ಕೊಡೂದು?' ಅಂದಳು."

"ಹುಡುಗಿ ಏನಂದಳು?"

"ಹುಡುಗಿ ಬಾಯಿ ಐತಿ, ಪುಣ್ಯಾ. 'ಆಯೀ, ನಮ್ಮ ಕುರಿ ಉಳಸಾಕ ಆಂವ ಬೇಕು, ನನಗ ಬ್ಯಾಡೇನು?' ಅಂತ ಮುದಿಕಿ ಎದರಿಗೇ ಕೇಳಿದಳು. ಅದಕ್ಕ ಮುದಿಕಿ ಅಂದಳು, 'ನಿನಗ ಏನೂ ಆಗಂಗಿಲ್ಲಂತ ಇಟ್ಟಕೊ. ನಾಳೆ ಅಲ್ಲಿ ನಿನ್ನ ಕೂಸ ಮಲಗತೈತಿ. ಅದ ಗ್ವಾಡಿಗೆ ಆ ಬಾಟಲಿ ತೂಗಾಡತೈತಿ. ನನ್ನ ಕಣ್ಣಿಗೆ ನಿದ್ದಿ ಬರತೈತೇನು?'"

ಮುದುಕಿಯ ಮಾತಿನಲ್ಲಿ ನಗುವಂಥದ್ದು ಇರಲಿಲ್ಲ. ಮಗ ಸೊಸೆಯನ್ನು ಕಳೆದುಕೊಂಡವಳು ಇನ್ನೂ ಹುಟ್ಟದ ಕೂಸಿಗೆ ಅಂಜುತ್ತಿದ್ದಳು. ತಾನಾಗಿದ್ದರೂ ಕೇಳುತ್ತಿದ್ದೆ ಎನಿಸಿತು ಕಾಶೆವ್ವನಿಗೆ.

"ಒಟ್ಟ ಆಗಂಗಿಲ್ಲಂದರೋ?"

"ಅದನ್ನೂ ಅನ್ನಲಿಲ್ಲ. 'ಸಂತೀ ದಿನಾ ಮೂಡಲಗಿಗೆ ಬರತೇನಿ. ಆ ಬಾಟಲಿ ಇದ್ದ ಮನ್ಯಾಗ ಒಂದ ಕೂಸ ಆರಾಮ ಇದ್ದದ್ದು ನನ್ನ ಕಣ್ಣಿಗೆ ಬೀಳಲಿ, ಆಮ್ಯಾಲ ಮಾತು,' ಅಂದಳು. ನಮ್ಮ ಮನ್ಯಾಗ ಕೂಸ ಎಲ್ಲಿಂದ ಬರಬೇಕವಾ? ಕೂಸಿಗೆ ಹೇಂತಿ ಬೇಕು, ಹೇಂತಿಗೆ ಕೂಸ ಬೇಕಂತ!"

ಮಾಳಪ್ಪ ಇದನ್ನೆಲ್ಲ ಸೈಕಲ್ಲಿನ ಚಕ್ರಕ್ಕೆ ಗಾಳಿ ಹಾಕುತ್ತ ಕೇಳಿಸಿಕೊಂಡ. ಹಾಕಿದ ಗಾಳಿಗೆ ಚಕ್ರ ಕಲ್ಲಾಗಿದ್ದರೂ ಪಂಪು ಒತ್ತುವುದನ್ನು ನಿಲ್ಲಿಸಿರಲಿಲ್ಲ. ಮರುದಿನ ಅವನು ಊಟ ಬಿಟ್ಟು ಹೋದ ಎಂದು ಸತ್ತೆವ್ವ ಹೇಳಿದಳು. ಅದರ ಮರುದಿನ ಬೆಳಿಗ್ಗೆ, ಮುರಿಗೆಪ್ಪ ತಾನು ಕೆಲಸಕ್ಕಿದ್ದ ದಲಾಲಿಯ ಅಡತಿ ಅಂಗಡಿಗೆ ಹೋದ ಮೇಲೆ, ಕಾಶೆವ್ವ ಕೂಸಿನ ಬಟ್ಟೆ ಒಣಹಾಕುತ್ತಿದ್ದಾಗ ಕಂಬದ ಹತ್ತಿರ ಬಂದು ನಿಂತ.

"ವೈನಿ, ಒಂದ ಕೇಳೂದಿತ್ತು. ಒಲ್ಲೆ ಅಂದರೂ ಸಿಟ್ಟಿಲ್ಲ."

"ಕೇಳ್ರಿ ಮಾಳಪ್ಪಾರ."

"ಕೆಂಪವ್ವ ಬರೂ ದಿನಾ ನಿಮ್ಮ ಕೂಸಿನ ತೊಟ್ಟಲಾ ನಮ್ಮ ಖೋಲ್ಯಾಗ ಕಟ್ಟತೀರೇನು?"

ಕಾಶೆವ್ವ ಹಿಂಡಿದ ಬಟ್ಟೆಯನ್ನು ಮತ್ತೊಮ್ಮೆ ಹಿಂಡಿದಳು. "ಥರ್ಮಾಸ ಎಲ್ಲಿರತೈತಿ ಅವತ್ತ?"

"ಗೂಟಕ್ಕ. ತುಂಬಿದ್ದ ಇರತೈತಿ. ಹೊಸಾ ಲಸಿಕಿ ಬರೂದು ಅವತ್ತ."

"ಅವತ್ತೊಂದ ದಿನಾ ನಮ್ಮ ಮನ್ಯಾಗ ಇಡ್ರಿ. ಕೂಸ ಅಲ್ಲಿ, ಥರ್ಮಾಸ ಇಲ್ಲಿ. ಮುದಿಕಿ ಕೂಸನ್ನ ನೋಡಾಕ ಬರತಾಳ, ನಮ್ಮ ಗೂಟಾ ನೋಡಾಕ ಬರಂಗಿಲ್ಲ."

ಮಾಳಪ್ಪ ತಲೆ ಅಲ್ಲಾಡಿಸಿದ. "ಒಂದ ದಿನಾ ಅದನ್ನ ತಗದಿಟ್ಟು ಹೆಣ್ಣ ತಂದರ, ಜಲ್ಮಾ ಪೂರ್ತಿ ತಗದಿಡಬೇಕಾಗತೈತಿ ವೈನಿ. ಆಕಿಗೆ ಕಾಣೂ ಹಂಗ ಇರಲಿ."

"ನಮ್ಮ ಕೂಸಿಗೆ ಇನ್ನೂ ದೇವಿ ತಗಸಿಲ್ಲ, ಡಾಕ್ಟರ ಚುಚ್ಚೇ ಇಲ್ಲ. ತೋಳ ಬರೇ ಐತಿ."

"ಗೊತ್ತೈತ್ರಿ. ಅದಕ್ಕ ಕೇಳಾಕತ್ತೇನಿ. ಶಿವೀನ ಕುಂಡರಿಸಿದರ, 'ಈಕಿಗೆ ಸರಕಾರದ ಚುಚ್ಚು ಕಾಯತೈತಿ,' ಅಂತಾಳ ಮುದಿಕಿ."

"ಕುರೀ ಸಿಡುಬ ಮನಶ್ಯಾರಿಗೆ ಬರಂಗಿಲ್ಲಂತ ನೀವ ಹೇಳಿದ್ದು ಖರೇನೋ, ಇಲ್ಲಾ ಅದೂ ಬಳಗದ ಮಾತೋ?"

"ಖರೆ, ವೈನಿ. ಹಿಂಗ ಕೂಸಿನ ಮುಂದ ನಿಂತ ಹೇಳತೇನಿ."

ಕೂಸು ಕಟ್ಟೆಯ ಮೇಲೆ ಅಂಗಾತ ಬಿದ್ದು ತನ್ನ ಕಾಲಿನ ಹೆಬ್ಬೆರಳನ್ನು ಬಾಯಿಗೆ ತರುವ ಕೆಲಸದಲ್ಲಿತ್ತು. ಕಾಶೆವ್ವ ಅದನ್ನು ನೋಡಿದಳು, ಅವನನ್ನು ನೋಡಿದಳು. ಇವನು ಸುಳ್ಳು ಹೇಳಿ ಬದುಕಿದವನಲ್ಲ ಎನ್ನುವುದಕ್ಕೆ ಅವನ ಪಾಡೇ ಸಾಕ್ಷಿಯಾಗಿತ್ತು. ಗಂಡನಿಗೆ ತಾನೇ ಹೇಳಬೇಕು, ಇವತ್ತು ಸಂಜೆ ಊಟವಾದ ಮೇಲೆ ಹೇಳುವುದು ಒಳ್ಳೆಯದು ಎಂದುಕೊಂಡಳು.

"ತೊಟ್ಟಲದ ಹಗ್ಗಾ ಹಳೇದಾಗೇತಿ," ಎಂದಳು. "ನಿಮ್ಮ ತೊಲೀಗೆ ಕಟ್ಟೂದಾದರ ಹೊಸಾದು ತರ್ರಿ. ಗಟ್ಟಿ ಇರಲಿ."

ಮಾಳಪ್ಪನ ಮುಖ ಬಿಚ್ಚಿಕೊಂಡಿತು. ಹೊರಟವನು ಮೆಟ್ಟಿಲ ಹತ್ತಿರ ಮತ್ತೆ ನಿಂತ.

"ಇನ್ನೊಂದ ಐತಿ ವೈನಿ. ಮುದಿಕಿ ಒಳಗ ಬಂದಾಗ ಕೂಸ ಅತ್ತರ, ದೇವಿ ಮುಟ್ಟಿದಳು ಅಂತಾಳ. ಅವತ್ತ ಹೊಟ್ಟಿ ತುಂಬ ಹಾಲ ಕುಡಿಸಿ ತೊಟ್ಟಲದಾಗ ಹಾಕ್ರಿ. ನಕ್ಕೊಂತ ಇದ್ದರ ಚಲೋ, ನಿದ್ದಿ ಮಾಡಿದರೂ ನಡೀತೈತಿ. ಅಳೂದೊಂದ ಬ್ಯಾಡ. ನನಗ ಅಷ್ಟ ಮಾಡಿಕೊಡ್ರಿ."